ಲೈಟ್ ಬಿಲ್ ಯಾರು ಕಟ್ಟಿದ್ರು?

ಕಳೆದ ಮಳೆಗಾಲದಲ್ಲಿ ಮೇಷ್ಟ್ರು ಹೋದರು. ಅಮೆರಿಕನ್ ನಾಟಕ ಪಾಠ ಮಾಡುತ್ತಿದ್ದ ಮೇಷ್ಟ್ರು ಅಂದರೆ ನಮ್ಮ ಕಾಲೇಜಿನಲ್ಲಿ ಎಂ.ಎ. ಓದಿದವರಿಗೆ ಹೆಸರು ಹೇಳಬೇಕಿಲ್ಲ. ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಆಗಿನ ಪಠ್ಯದಲ್ಲಿ ಏನೇನಿತ್ತೆಂದು ನೆನೆದು ನೋಡಿದೆ. ಎಲ್ಲ ಮಸುಕು ಮಸುಕು. ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಮೇಷ್ಟ್ರ ಲೆಕ್ಕದ ಪುಸ್ತಕ ಒಂದೇ.

ಕಿರಾಣಿ ಅಂಗಡಿಯ ಗಲ್ಲಾದ ಪಕ್ಕ ಇರುತ್ತದಲ್ಲ, ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯದು, ಅಂಥದ್ದು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ನಾಟಕಕ್ಕೊಂದು ಪುಟ. “ಭ್ರಮೆ ಯಾರದು ಅಂತ ಎಲ್ಲಾ ಗೈಡಲ್ಲೂ ಬರೆದಿರ್ತಾರೆ. ಅದರ ದುಡ್ಡು ಯಾರು ಕೊಟ್ರು ಅಂತ ಯಾರೂ ಬರೆಯಲ್ಲ. ಹುಡುಕ್ರೋ” ಎನ್ನುತ್ತಿದ್ದರು. ಇಂಗ್ಲಿಷ್ ತರಗತಿಯಲ್ಲಿ ಕೂಡುವ ಕಳೆಯುವ ಲೆಕ್ಕವೇ ಎಂದು ಮೊದಮೊದಲು ನಗು ಬರುತ್ತಿತ್ತು.

ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಪುಟ ಹೀಗಿತ್ತು. ಊರೂರು ಸುತ್ತಿ ಮನೆಗೆ ಬಂದ ಸೇಲ್ಸ್‌ಮನ್ ವಿಲ್ಲಿ ಲೋಮನ್ 1,200 ಡಾಲರ್ ವ್ಯಾಪಾರ ಮಾಡಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಹೆಂಡತಿ ಲಿಂಡಾ ಪೆನ್ಸಿಲ್ ಹಿಡಿದು, ಕಮಿಷನ್ 212 ಡಾಲರ್ ಆಯಿತು ಎನ್ನುತ್ತಾಳೆ. ಪೆನ್ಸಿಲ್ ಕಂಡದ್ದೇ ವಿಲ್ಲಿಯ ವ್ಯಾಪಾರ ಇಳಿಯುತ್ತ ಬಂದು 200ಕ್ಕೆ ನಿಲ್ಲುತ್ತದೆ. ಕಮಿಷನ್ 70 ಚಿಲ್ಲರೆ. ಖರ್ಚಿನ ಕಡೆ ಫ್ರಿಜ್ಜಿಗೆ 16, ವಾಷಿಂಗ್ ಮಷೀನಿಗೆ 9.60, ವ್ಯಾಕ್ಯೂಮ್ ಕ್ಲೀನರಿಗೆ 3.50, ಸೂರಿನ ರಿಪೇರಿ ಬಾಕಿ 21; ಎಲ್ಲ ಸೇರಿ ಹದಿನೈದನೇ ತಾರೀಕಿನೊಳಗೆ ಸುಮಾರು 120 ಬೇಕು. ಗಂಡನ ಸುಳ್ಳು ಎಷ್ಟೆಂದು ಕೊನೆಯ ಕಾಸಿನವರೆಗೆ ಗೊತ್ತಿರುವವಳು ಲಿಂಡಾ. ಗೊತ್ತಿದ್ದೂ ತುಂಬಾ ಚೆನ್ನಾಯಿತು ಎನ್ನುತ್ತಾಳೆ. ಅವಳು ತನ್ನ ಹರಿದ ಸ್ಟಾಕಿಂಗ್ಸ್ ಹೊಲಿಯುತ್ತ ಕೂತಿರುವಾಗ ಬಾಸ್ಟನ್ನಿನ ಹೋಟೆಲಿನಲ್ಲಿ ಇನ್ನೊಬ್ಬಳಿಗೆ ಹೊಸ ಸ್ಟಾಕಿಂಗ್ಸ್ ಸಿಗುತ್ತದೆ. ಮೇಷ್ಟ್ರು ಅದನ್ನು ಖರ್ಚಿನ ಕಡೆ ಬರೆದು, ಮುಂದೆ ‘ಲಿಂಡಾ ಖಾತೆಯಿಂದ’ ಎಂದು ಸೇರಿಸಿದ್ದರು.

ಈ ನಾಟಕವನ್ನು ಆಡುವುದು ಹೇಗೆಂದು ಅವರು ಸೀಮೆಸುಣ್ಣದಲ್ಲೇ ಕಲಿಸಿದರು. 1949ರ ಮೊದಲ ಪ್ರಯೋಗಕ್ಕೆ ರಂಗವಿನ್ಯಾಸಕ ಜೋ ಮೀಲ್ಜಿನರ್ ಕಟ್ಟಿದ ಮನೆಗೆ ಗೋಡೆಗಳಿಲ್ಲ, ಬರೀ ಚೌಕಟ್ಟು. ಈಗ ನಡೆಯುವ ಮಾತಾದರೆ ನಟರು ಗೋಡೆ ಇದೆಯೆಂದೇ ನಡೆದುಕೊಂಡು ಬಾಗಿಲಿನಿಂದ ಬರಬೇಕು. ವಿಲ್ಲಿಯ ತಲೆಯೊಳಗಿನ ಹಳೇ ಕಾಲವಾದರೆ ಗೋಡೆಯ ಗೆರೆ ದಾಟಿ ನೇರ ಮುಂದಕ್ಕೆ ಬರಬಹುದು. ಮೇಷ್ಟ್ರು ತರಗತಿಯ ನೆಲದ ಮೇಲೆ ಗೆರೆ ಎಳೆದರು. ಈಗಿನ ಕಾಲದ ದೃಶ್ಯದಲ್ಲಿ ಒಬ್ಬ ಮರೆತು ಗೆರೆ ತುಳಿದರೂ ಮುಗಿಯಿತು, ನೋಡುವವರಿಗೆ ಯಾವುದು ನಡೆದದ್ದು, ಯಾವುದು ನೆನೆದದ್ದು ಎಂಬುದೇ ಕಲಸಿಹೋಗುತ್ತದೆ. ಹತ್ತು ಪುಟದ ನೋಟ್ಸಿಗಿಂತ ಆ ಗೆರೆಯೇ ಹೆಚ್ಚು ಹೇಳಿತು.

ಇನ್ನು ಫ್ಯೂಸಿನ ಕತೆ. ನಮ್ಮ ಬ್ಯಾಚಿನವರು ಎಲ್ಲಿ ಸಿಕ್ಕರೂ ಇದು ಬಂದೇ ಬರುತ್ತದೆ. ಜುಲೈ ತಿಂಗಳು, ಸಂಜೆಯ ಕೊನೇ ಪೀರಿಯಡ್, ಹೊರಗೆ ಮಲೆನಾಡಿನ ಮಳೆ. ಟೆನೆಸಿ ವಿಲಿಯಮ್ಸ್‌ನ ‘ದಿ ಗ್ಲಾಸ್ ಮೆನಾಜರಿ’ಯ ಕೊನೆಯ ದೃಶ್ಯದ ಪಾಠ. ಕ್ಲಾಸು ತಪ್ಪಲಿ ಎಂದು ಹಿಂದಿನ ಬೆಂಚಿನವರು ಕೊಠಡಿಯ ಪಿಂಗಾಣಿ ಫ್ಯೂಸ್ ಕಿತ್ತು ಬ್ಯಾಗಿಗೆ ಹಾಕಿಕೊಂಡರು. ಓದಿಕೊಂಡು ಬಂದಿದ್ದರೆ ಅಂಥ ದಡ್ಡತನ ಮಾಡುತ್ತಿರಲಿಲ್ಲ. ಆ ದೃಶ್ಯದಲ್ಲೂ ಊಟ ಮುಗಿಯುವ ಹೊತ್ತಿಗೆ ದೀಪ ಹೋಗುತ್ತದೆ. ಮನೆಗೆ ಬಂದ ಅತಿಥಿ ಜಿಮ್ ಫ್ಯೂಸ್ ನೋಡಿ ಎಲ್ಲಾ ಸರಿಯಾಗಿದೆ ಎನ್ನುತ್ತಾನೆ. ಮೇಷ್ಟ್ರು ಬಾಗಿಲಲ್ಲಿ ನಿಂತು ಕತ್ತಲನ್ನು ನೋಡಿದರು, ಅಟೆಂಡರ್ ಹತ್ತಿರ ಮೇಣದಬತ್ತಿ ತರಿಸಿದರು, ಹಿಂದಿನ ಬೆಂಚಿನವನೊಬ್ಬನನ್ನು ಕರೆದು ಕೈಗೆ ಕೊಟ್ಟರು. “ಜಿಮ್ಮಣ್ಣ, ಫ್ಯೂಸ್ ಎಲ್ಲಾ ಸರಿಯಾಗಿದೆಯೇನಪ್ಪಾ?” ಗಂಟೆಯಿಡೀ ಅವನು ಬತ್ತಿ ಹಿಡಿದು ನಿಂತ, ಮೇಣ ಬೆರಳ ಮೇಲೆ ಇಳಿಯುತ್ತಿತ್ತು, ಪಾಠ ನಡೆಯಿತು.

ಆ ಮನೆಯ ದೀಪ ಹೋಗಿದ್ದು ಫ್ಯೂಸಿನಿಂದಲ್ಲ. ಬಿಲ್ಲಿನ ದುಡ್ಡನ್ನು ಮಗ ಟಾಮ್ ಹಡಗು ಕಾರ್ಮಿಕರ ಸಂಘಕ್ಕೆ ಚಂದಾ ಕಟ್ಟಿದ್ದಾನೆ, ಮನೆ ಬಿಟ್ಟು ಓಡಿಹೋಗಲು. ಚಪ್ಪಲಿ ಕಂಪನಿಯ ಗೋದಾಮಿನಲ್ಲಿ ಅವನಿಗೆ ತಿಂಗಳಿಗೆ 65 ಡಾಲರ್. ತಾಯಿ ಅಮಾಂಡಾ ಫೋನಿನಲ್ಲಿ ಪತ್ರಿಕೆಗೆ ಚಂದಾದಾರರನ್ನು ಹಿಡಿಯುತ್ತಾಳೆ. ಅಕ್ಕ ಲಾರಾಳ ಟೈಪಿಂಗ್ ಕ್ಲಾಸಿಗೆ ಕಟ್ಟಿದ 50 ಡಾಲರ್ ನೀರಿಗೆ ಹೋಗಿದೆ. ಹುಡುಗಿಗೆ ಕೆಲಸ ಆಗದಿದ್ದರೆ ಮದುವೆ, ಮೂರನೇ ದಾರಿ ಆ ಮನೆಗೆ ಕಾಣದು. ಮೇಣದಬತ್ತಿಯ ಬೆಳಕು ಎಷ್ಟು ಚಂದ ಎಂದು ನಾವು ಕೂತಿದ್ದಾಗ ಮೇಷ್ಟ್ರು ಕೇಳಿದ್ದು ಒಂದೇ: “ಲೈಟ್ ಬಿಲ್ ಯಾರು ಕಟ್ಟಬೇಕಿತ್ತು?”

ಲೆಕ್ಕದ ಪುಸ್ತಕದಲ್ಲಿ ಕೆಂಪು ಪೆನ್ಸಿಲಿನ ಸುತ್ತು ಮೂರು ಕಡೆ ಇತ್ತು. ಟಾಮ್‌ನ ತಿಂಗಳ ಸಂಬಳ 65. ವಿಲ್ಲಿ ತನ್ನ ಮಾಲೀಕನ ಮುಂದೆ ಅಂಗಲಾಚುವ ವಾರದ ಸಂಬಳ 65. ಅದು 50ಕ್ಕೆ, 40ಕ್ಕೆ ಇಳಿದು ಕೊನೆಗೆ ಕೆಲಸವೇ ಹೋಗುತ್ತದೆ. ವಿಲಿಯಮ್ಸ್‌ನದೇ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನಲ್ಲಿ ತಂಗಿಯ ಮನೆಗೆ ಬಂದು ಸೇರಿದ ಬ್ಲಾಂಚ್ ಪರ್ಸ್ ಸುರಿದಾಗ ಸಿಗುವುದು 65 ಸೆಂಟು. ಪಕ್ಕದಲ್ಲಿ ‘ಕಾಕತಾಳೀಯ’ ಎಂದು ಬರೆದು ಅಡಿಗೆರೆ ಹಾಕಿದ್ದರು. ನಾನು ಇದನ್ನು ಪರೀಕ್ಷೆಯಲ್ಲಿ ಮಹಾ ಸಂಕೇತವೆಂದು ಬರೆದು ಬೈಸಿಕೊಂಡೆ. (ಹೆಚ್ಚು ಅಂಕ ನನಗೇ ಬಂದಿತ್ತು, ಆ ಮಾತು ಬೇರೆ.)

1947ರ ಈ ‘ಸ್ಟ್ರೀಟ್‌ಕಾರ್’ ಅವರ ಮೆಚ್ಚಿನದು. ಬ್ಲಾಂಚ್ ಎಂದರೆ ಭ್ರಮೆ, ಅವಳ ತಂಗಿಯ ಗಂಡ ಸ್ಟ್ಯಾನ್ಲಿ ಎಂದರೆ ವಾಸ್ತವ ಎಂದು ಬರೆದವರಿಗೆ ಅವರು ಸೊನ್ನೆ ಹಾಕುತ್ತಿದ್ದರು. ಎಲ್ಲರೂ ಹಾರಿಸಿ ಓದುವ ನಾಲ್ಕನೇ ದೃಶ್ಯ ತೆರೆಸುತ್ತಿದ್ದರು. ಹಿಂದಿನ ರಾತ್ರಿ ಸ್ಟ್ಯಾನ್ಲಿ ಬಸುರಿ ಹೆಂಡತಿ ಸ್ಟೆಲ್ಲಾಳಿಗೆ ಹೊಡೆದಿದ್ದಾನೆ. ಬೆಳಿಗ್ಗೆ ರಾಜಿಗೆಂದು 10 ಡಾಲರ್ ಕೊಟ್ಟಿದ್ದಾನೆ; ಮನೆಖರ್ಚಿಗೆ ಅವಳ ಕೈಗೆ ಹಣ ಕೊಡುವ ಪದ್ಧತಿಯೇ ಇಲ್ಲ, ಬಿಲ್ಲೆಲ್ಲ ಅವನೇ ಕಟ್ಟುತ್ತಾನೆ. ಅದರಲ್ಲಿ 5 ಡಾಲರನ್ನು ಅವಳು ಅಕ್ಕ ಬ್ಲಾಂಚಳಿಗೆ ಕೊಡುತ್ತಾಳೆ. ಆ ಮನೆಯಲ್ಲಿ ಹೆಣ್ಣಿನ ಸ್ಥಾನ ಏನೆಂಬುದಕ್ಕೆ ಬೇರೆ ಟಿಪ್ಪಣಿ ಬೇಡ.

ಕಾಲೇಜು ದಿನಾಚರಣೆಗೆ ಇದರ ಮೂರು ದೃಶ್ಯ ಆಡಿಸಿದರು. ಬ್ಲಾಂಚ್ ತನ್ನ ವಯಸ್ಸು ಕಾಣದಿರಲೆಂದು ಬರಿ ಬಲ್ಬಿಗೆ ಹಾಕಿಸುವ ಕಾಗದದ ಲ್ಯಾಂಟರ್ನಿಗೆ ಅವರು ಗೂಡುದೀಪ ಎಂದೇ ಹೇಳುತ್ತಿದ್ದರು. ಮಾಡಿಸುವುದೇ ಒಂದು ವಿದ್ಯೆ. ಬಿದಿರ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು. ಅಂಚಿಗೆಲ್ಲ ಅಂಟು ಬಳಿದರೆ, ಅವಳನ್ನು ಮದುವೆಯಾಗಬೇಕೆಂದಿದ್ದ ಮಿಚ್ ಎಳೆದಾಗ ಕಾಗದ ಹರಿಯದೆ ಹೋಲ್ಡರೇ ಕಿತ್ತು ಬರುತ್ತದೆ. ಕಡಿಮೆ ಬಳಿದರೆ ಮೂರನೇ ದೃಶ್ಯದಲ್ಲೇ ಕಳಚಿ ಬಿದ್ದು ಜನ ನಗುತ್ತಾರೆ. ಎರಡೇ ಕಡೆ ಅಂಟು, ಹರಿಯಬೇಕಾದ ಜಾಗದಲ್ಲಿ ಗುಂಡುಸೂಜಿಯ ಸಾಲು ತೂತು. ಬಲ್ಬು 25 ವ್ಯಾಟಿನದು, ಕಾಗದಕ್ಕೂ ಅದಕ್ಕೂ ನಾಲ್ಕು ಬೆರಳ ಅಂತರ. ಇಲ್ಲದಿದ್ದರೆ ಕಾಗದ ಕಂದುಗಟ್ಟಿ ವಾಸನೆ ಮೊದಲ ಸಾಲಿಗೆ ಬರುತ್ತದೆ. ಹರಿಯುವ ಸದ್ದು ಕೊನೇ ಸಾಲಿಗೂ ಕೇಳಬೇಕು, ಆದ್ದರಿಂದ ಆ ಹೊತ್ತಿಗೆ ಹಿನ್ನೆಲೆ ಸಂಗೀತ ನಿಲ್ಲಿಸುವುದು.

ಒಂದು ಪ್ರದರ್ಶನಕ್ಕೆ ಎರಡು ಗೂಡುದೀಪ ಬೇಕು ಎಂದು ಅವರು ಹೇಳಿದಾಗ ನಮಗೆ ಅರ್ಥವಾಗಲಿಲ್ಲ. ಒಂಬತ್ತನೇ ದೃಶ್ಯದಲ್ಲಿ ಮಿಚ್ ಹರಿಯುತ್ತಾನೆ, ಅವಳ ಮುಖ ಬೆಳಕಿನಲ್ಲಿ ನೋಡಬೇಕೆಂದು. ಕೆಲವು ವಾರಗಳ ಮೇಲೆ, ಹನ್ನೊಂದರಲ್ಲಿ, ಅವಳನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಲು ಬಂದಾಗ ಸ್ಟ್ಯಾನ್ಲಿ ಅದನ್ನು ಮತ್ತೆ ಕಿತ್ತು ಅವಳತ್ತ ಚಾಚುತ್ತಾನೆ. “ಹಾಗಾದರೆ ನಡುವೆ ಅದನ್ನು ಮತ್ತೆ ಕಟ್ಟಿದವರು ಯಾರು?” ನಾಟಕದಲ್ಲಿ ಹೇಳಿಲ್ಲ. ಸ್ಟ್ಯಾನ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂಬ ಅಕ್ಕನ ಮಾತು ನಂಬಿದರೆ ಅವನ ಜೊತೆ ಬದುಕಲಾರೆ ಎಂದು ಸ್ಟೆಲ್ಲಾ ಅಷ್ಟು ಹೊತ್ತಿಗೆ ನಂಬದಿರಲು ತೀರ್ಮಾನಿಸಿದ್ದಾಳೆ. ಮಡಿಲಲ್ಲಿ ಕೂಸು, ಕೈಯಲ್ಲಿ ಕಾಸಿಲ್ಲ. 1951ರ ಸಿನಿಮಾದಲ್ಲಿ ಅವಳು ಇನ್ನು ಅವನ ಬಳಿ ಹೋಗಲಾರೆ ಎನ್ನುತ್ತಾಳೆ. ಮೇಷ್ಟ್ರಿಗೆ ಅದು ಸುತರಾಂ ಹಿಡಿಸದು. “ಎಲ್ಲಿಗೆ ಹೋಗ್ತಾಳೆ, ಆ 5 ಡಾಲರಲ್ಲಾ?”

ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದಿ ಸನ್’ ಪುಟದಲ್ಲಿ ಸತ್ತ ಅಪ್ಪನ ವಿಮೆಯ 10,000 ಡಾಲರ್: ಮನೆಗೆ 3,500, ತಂಗಿಯ ಓದಿಗೆ ಇಡಬೇಕಿದ್ದ 3,000ವನ್ನೂ ಸೇರಿಸಿ ಅಣ್ಣ ಕಳೆದದ್ದು 6,500. ಗಂಡಹೆಂಡತಿ ಇಲ್ಲದ ಮಗನೊಬ್ಬನನ್ನು ಕಲ್ಪಿಸಿಕೊಂಡು ಬದುಕುವ, ಎಡ್ವರ್ಡ್ ಆಲ್ಬಿಯ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ನಾಟಕದ ಪುಟ ಮಾತ್ರ ಹೆಚ್ಚುಕಡಿಮೆ ಖಾಲಿ. ಇಲ್ಲದ ಮಗನಿಗೆ ಖರ್ಚೇನು ಎಂದು ನಗುತ್ತಿದ್ದರು.

ಈಗಿನ ಮಕ್ಕಳಿಗೆ ‘ಸ್ಟ್ರೀಟ್‌ಕಾರ್’ ಹದಿನೆಂಟು ಸ್ಲೈಡಿನಲ್ಲಿ ಮುಗಿಯುತ್ತದೆ; ಲ್ಯಾಂಟರ್ನ್ ಯಾವುದರ ಸಂಕೇತ, ಎ, ಬಿ, ಸಿ, ಡಿ. ಎಷ್ಟು ಲ್ಯಾಂಟರ್ನ್ ಬೇಕು ಎಂಬ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಇಲ್ಲ.

ಮೇಷ್ಟ್ರ ಪುಸ್ತಕಗಳನ್ನು ಮನೆಯವರು ಕಾಲೇಜು ಲೈಬ್ರರಿಗೆ ಕೊಟ್ಟಿದ್ದಾರೆ. ‘ಸ್ಟ್ರೀಟ್‌ಕಾರ್’ ತೆಗೆದು ನೋಡಿದೆ. ಅಂಚೆಲ್ಲ ಪೆನ್ಸಿಲ್. ನಾಲ್ಕನೇ ದೃಶ್ಯದ ಪಕ್ಕ ‘10 − 5’. ಹತ್ತು ಮುಗಿದು ಹನ್ನೊಂದು ಶುರುವಾಗುವಲ್ಲಿ ‘ಸ್ಟೆಲ್ಲಾ’ ಎಂದು ಬರೆದು, ಉಜ್ಜಿ, ಮತ್ತೆ ಬರೆದಿದ್ದಾರೆ.