ಗಾಳಿ ಸೀಮೆಯಲ್ಲಿ ಹನ್ನೆರಡು ಫ್ರೇಮು

ಗದಗಿನವನಿಗೆ ಗಾಳಿ ಹೊಸದಲ್ಲ. ಕಪ್ಪತಗುಡ್ಡದ ಮೇಲೆ ತಿರುಗುವ ಆ ದೊಡ್ಡ ಫ್ಯಾನುಗಳನ್ನು ನೋಡಿದವನು ನಾನು. ಆಷಾಢದಲ್ಲಿ ಒಣಹಾಕಿದ ಲುಂಗಿ ಹುಡುಕಿಕೊಂಡು ನಾಲ್ಕು ಮನೆ ದಾಟಿ ಹೋದವನು. ಆದರೆ ಇಲ್ಲಿ ಅಮೆರಿಕದ ಕಾನ್ಸಸ್‌ನಲ್ಲಿ ಆಷಾಢ ಮುಗಿಯುವುದೇ ಇಲ್ಲ. ರಾಜ್ಯದ ಹೆಸರು ಬಂದದ್ದೇ ಕಾನ್ಸಾ ಎಂಬ ಮೂಲನಿವಾಸಿಗಳಿಂದ, ಅದರ ಅರ್ಥ ತೆಂಕಣ ಗಾಳಿಯ ಜನ ಅಂತ ಹೇಳುತ್ತಾರೆ.

ವಿಚಿಟಾದಿಂದ ಕಾರಿನಲ್ಲಿ ಗಂಟೆ ಚಿಲ್ಲರೆ ಹೋದರೆ ಫ್ಲಿಂಟ್ ಹಿಲ್ಸ್. ಹೆಸರಿಗೆ ಬೆಟ್ಟ, ನಮ್ಮ ಲೆಕ್ಕದಲ್ಲಿ ದಿಬ್ಬ. ಮಣ್ಣು ಸ್ವಲ್ಪ ಕೆದಕಿದರೆ ಸಾಕು, ಸುಣ್ಣದಕಲ್ಲು, ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ಹುಲ್ಲು ಉಳಿಯಿತು. ಒಂದು ಕಾಲಕ್ಕೆ ಅಮೆರಿಕದ ನಡುವೆ ಹರಡಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ಇರುವುದು ನೂರಕ್ಕೆ 4 ಪಾಲಿಗಿಂತ ಕಡಿಮೆ, ಅದರಲ್ಲೂ ಹೆಚ್ಚಿನದು ಇಲ್ಲೇ. ಸ್ಟ್ರಾಂಗ್ ಸಿಟಿ ಹತ್ತಿರ 1996ರಿಂದ ಸಂರಕ್ಷಿತ ಪ್ರದೇಶ ಇದೆ. ಅಲ್ಲೊಂದು ದಿಬ್ಬದ ಮೇಲೆ 1880ರ ದಶಕದ ಕಲ್ಲಿನ ಶಾಲೆ, ಒಂದೇ ಕೋಣೆ. ನನ್ನ ಕರಿ-ಬಿಳಿ ಫಿಲ್ಮ್ ಕ್ಯಾಮೆರಾಗೆ ಬೇಕಾಗಿದ್ದುದು ಅದು.

ಮೊದಲ ಸಲ ಪೂರ್ತಿ ರೋಲು ಹಾಳು. ಟ್ರೈಪಾಡ್ ಅಲುಗಾಡದಿರಲಿ ಅಂತ ಅದರ ನಡುವಿಗೆ ಬ್ಯಾಗು ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರಲ್ವಾ, ನಾನೂ ಹಾಕಿದೆ. ಬ್ಯಾಗು ತೊಟ್ಟಿಲಾಯಿತು, ಜೊತೆಗೆ ಕ್ಯಾಮೆರಾನೂ ತೂಗಿತು! ಈಗ ಬ್ಯಾಗನ್ನು ನೆಲಕ್ಕೇ ಇಟ್ಟು ಹಗ್ಗ ಬಿಗಿದು ಕಟ್ಟುತ್ತೇನೆ, ಕಾಲುಗಳನ್ನು ಮೊಣಕಾಲೆತ್ತರಕ್ಕೆ ಇಳಿಸುತ್ತೇನೆ, ಗಾಳಿ ಬರುವ ಕಡೆ ನಾನೇ ಗೋಡೆಯಾಗಿ ಕೂರುತ್ತೇನೆ. ರೋಲು ಬದಲಿಸುವುದು ಮಾತ್ರ ಕಾರಿನೊಳಗೆ, ಕಿಟಕಿ ಮುಚ್ಚಿಕೊಂಡು.

ಹುಲ್ಲು ನಿಲ್ಲುವುದನ್ನು ಕಾಯುತ್ತಾ ಎಷ್ಟೋ ಸಂಜೆ ಸುಮ್ನೆ ಕಳೆದೆ. ಅದು ನಿಲ್ಲುವುದಿಲ್ಲ ಮಾರಾಯ್ರೆ. ಕೊನೆಗೆ ಬುದ್ಧಿ ಬಂತು: ಶಾಲೆ ಅಲುಗಾಡದಿದ್ದರೆ ಸಾಕು, ಹುಲ್ಲು ಆಡಲಿ. ಅದಕ್ಕೆ ಷಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಕೆಂಪು ಫಿಲ್ಟರ್ ಇಲ್ಲಿ ಕೈಹಿಡಿಯಿತು. ಅದು ಮೂರು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ಮೂರು ಸಲ ಅರ್ಧರ್ಧ ಮಾಡಿ ಎಂಟನೇ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಐಎಸ್‌ಒ 125ರ (ಬೆಳಕಿಗೆ ಫಿಲ್ಮು ಎಷ್ಟು ಚುರುಕು ಅನ್ನುವ ಅಂಕಿ) ಫಿಲ್ಮಿಗೆ ಬಿರುಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್/16ರಲ್ಲಿದ್ದಾಗ 1/125 ಸೆಕೆಂಡು ಸಾಕಿದ್ದರೆ, ಫಿಲ್ಟರ್ ಹಾಕಿದ ಮೇಲೆ 1/15 ಬೇಕು. ಇನ್ನು ಕಿಂಡಿಯನ್ನು ಮತ್ತೂ ಕಿರಿದು ಮಾಡಿ ಎಫ್/22ಕ್ಕೆ ಇಳಿಸಿ, ಸಂಜೆ ಬಿಸಿಲು ಸ್ವಲ್ಪ ಮಂಕಾಗುವವರೆಗೆ ಕಾದರೆ ಅರ್ಧ ಸೆಕೆಂಡು ತಾನಾಗೇ ಸಿಕ್ಕಿತು.

"ಅಷ್ಟ್ ರೊಕ್ಕಾ ಕೊಟ್ಟು ಕರಿ-ಬಿಳಿ ಯಾಕ ತೆಗಿತೀಯೋ, ಅಲ್ಲಿ ಬಣ್ಣದ್ದು ಸಿಗಂಗಿಲ್ಲೇನು?" ಅಂತ ಅವ್ವ ಫೋನಿನಲ್ಲಿ ಕೇಳಿದಳು. ಸಿಗುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಇಲ್ಲಿಯ ಬಿಗ್ ಬ್ಲೂಸ್ಟೆಮ್ ಹುಲ್ಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಫಿಲ್ಟರ್ ಆ ಕೆಂಪನ್ನು ಒಳಗೆ ಬಿಡುತ್ತದೆ, ಆಕಾಶದ ನೀಲಿಯನ್ನು ತಡೆಯುತ್ತದೆ. ಹುಲ್ಲು ಬೆಳ್ಳಗೆ, ಆಕಾಶ ಕಾಡಿಗೆಯಂತೆ. ಇದೇ ಫಿಲ್ಟರ್ ಜೂನ್‌ನಲ್ಲಿ ಹಾಕಿದರೆ ಹಸಿರು ಹುಲ್ಲೂ ಕಪ್ಪಾಗಿ ಎಲ್ಲಾ ಮಸಿ. ಅವ್ವನಿಗೆ ಇಷ್ಟೆಲ್ಲಾ ಹೇಳಿದೆ, ಅವಳು ಊಟ ಆಯ್ತಾ ಅಂದಳು.

ಮೊನ್ನೆ ರೋಲು ತೊಳೆದು ಬಚ್ಚಲುಮನೆಯಲ್ಲಿ ಒಣಹಾಕಿದೆ. ಹನ್ನೆರಡರಲ್ಲಿ ಎರಡು ಚೆನ್ನಾಗಿವೆ, ಕಲ್ಲು ಕಲ್ಲೂ ಎಣಿಸಬಹುದು, ಸುತ್ತ ಹುಲ್ಲು ಹೊಗೆಯಂತೆ ಹರಿದಿದೆ. ಏಳನೇ ಫ್ರೇಮಿನಲ್ಲಿ ಶಾಲೆಯ ಮೇಲಿನ ಕಪ್ಪು ಆಕಾಶಕ್ಕೆ ಅಡ್ಡವಾಗಿ ಒಂದು ಮಸುಕು ಬಿಳಿ ಗೀಟು. ಗೀಚು ಬಿತ್ತೇನೋ ಅಂತ ಭೂತಗನ್ನಡಿ ಹಿಡಿದು ನೋಡಿದೆ. ನನ್ನ ಟೋಪಿ ಅದು.