ಕೆಂಪು ಕಲ್ಲು, ಎರೆಮಣ್ಣು, ಜಾರುವ ಸೊನ್ನೆ

ವಿಜಯಪುರ, ಏಪ್ರಿಲ್ 15, 2025, ಮಂಗಳವಾರ

ಕಲ್ಲು, ಮಣ್ಣು ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತವೆ ಎಂದು ಅಳೆಯುವ ಕೆಲಸ. ಇವತ್ತಿನ ಸರದಿ ಬಾದಾಮಿಯ ಕೆಂಪು ಮರಳುಗಲ್ಲು, ಲೋಕಾಪುರದ ಸುಣ್ಣದಕಲ್ಲು, ಇಲ್ಲಿಯದೇ ಎರೆಮಣ್ಣು, ಅದರ ತಾಯಿಕಲ್ಲು ಬಸಾಲ್ಟ್. ಅಳೆಯುವ ಸೆನ್ಸರ್ ಬಾರ್ಟಿಂಗ್ಟನ್ ಕಂಪನಿಯ ಎಂಎಸ್2ಬಿ. ಕಾಂತೀಯ ಸಸೆಪ್ಟಿಬಿಲಿಟಿ, ಅಂದರೆ ಆ ಸ್ಪಂದನೆ, ಕಡಿಮೆ ಇರುವುದು ಮೊದಲು, ಬಸಾಲ್ಟ್ ಕೊನೆಗೆ. ಬಸಾಲ್ಟಿನ ಧೂಳು ಚೂರು ಸೆನ್ಸರ್ ಗೂಡಿನಲ್ಲಿ ಉಳಿದರೂ ಸುಣ್ಣದಕಲ್ಲಿನ ರೀಡಿಂಗ್ ಕೆಟ್ಟಂತೆಯೇ.

ಮಣ್ಣು ಒಣಗಿಸಿದ್ದು 40 ಡಿಗ್ರಿಯಲ್ಲಿ. ತೇವಾಂಶ ನೋಡುವವರು 105ಕ್ಕೆ ಏರಿಸುತ್ತಾರೆ. ಇಲ್ಲಿ ಅದು ಬೇಡ, ಕಾವಿಗೆ ಕಬ್ಬಿಣದ ಕೆಲವು ಖನಿಜಗಳೇ ಬದಲಾಗಬಹುದು. ಕಲ್ಲನ್ನು ಪುಡಿ ಮಾಡಲು ಅಗೇಟ್ ಎಂಬ ಗಟ್ಟಿ ಕಲ್ಲಿನ ಕುಟ್ಟಾಣಿಯೇ ಆಗಬೇಕು. ಉಕ್ಕಿನದಾದರೆ ಮರಳುಗಲ್ಲು ಅದನ್ನೇ ತೇಯುತ್ತದೆ, ಆಮೇಲೆ ಅಳೆದದ್ದು ಬಾದಾಮಿಯ ಕಲ್ಲೋ ಕುಟ್ಟಾಣಿಯೋ ಗೊತ್ತಾಗುವುದಿಲ್ಲ. ಪುಡಿಯನ್ನು 10 ಸಿಸಿ ಪ್ಲಾಸ್ಟಿಕ್ ಡಬ್ಬಿಗೆ ತಟ್ಟಿ ತಟ್ಟಿ ತುಂಬಬೇಕು. ಖಾಲಿ ಡಬ್ಬಿಯ ತೂಕವನ್ನೂ ರೀಡಿಂಗನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಕೂಡ ಸ್ವಲ್ಪ ಋಣ ಸಂಖ್ಯೆ (ಮೈನಸ್) ತೋರಿಸುತ್ತದೆ, ಅದನ್ನು ಕಳೆಯದೆ ಬಿಡುವಂತಿಲ್ಲ.

ನಿಜವಾದ ತಾಪತ್ರಯ ಡ್ರಿಫ್ಟ್‌ನದು, ಅಂದರೆ ರೀಡಿಂಗ್ ತಾನಾಗಿಯೇ ಜಾರುವುದರದು, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ. ಸೆನ್ಸರ್‌ನ ಕಾಯಿಲ್ (ತಂತಿಯ ಸುರುಳಿ) ವಿದ್ಯುತ್ ಕಂಪನ ಹುಟ್ಟಿಸುವ ಒಂದು ಆಸಿಲೇಟರ್ ಸರ್ಕ್ಯೂಟಿನ ಭಾಗ. ಸ್ಯಾಂಪಲ್ ಒಳಗೆ ಇಟ್ಟರೆ ಕಾಯಿಲ್‌ನ ಇಂಡಕ್ಟನ್ಸ್ ಎಂಬ ವಿದ್ಯುತ್ ಗುಣ ಬದಲಾಗಿ ಕಂಪನಾಂಕ ಕದಲುತ್ತದೆ; ಕಾವಿಗೆ ಕಾಯಿಲ್ ಹಿಗ್ಗಿದರೂ ಕದಲುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಎಸಿ ಆಗಾಗ ನಿಂತು ಚಾಲೂ ಆಗುವ ಕೋಣೆಗಿಂತ, ಎಸಿ ಇಲ್ಲದ ಕಿಟಕಿ ಮುಚ್ಚಿದ ಕೋಣೆಯೇ ವಾಸಿ. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಬಾರದು. ಸ್ಯಾಂಪಲ್‌ಗಳು ರಾತ್ರಿಯಿಂದಲೇ ಅದೇ ಕೋಣೆಯಲ್ಲಿದ್ದರೆ ಒಳ್ಳೆಯದು. ಮೇಜಿನ ಕಬ್ಬಿಣದ ಸ್ಕ್ರೂ, ಕೈಗಡಿಯಾರ, ಜೇಬಿನ ಕೀಲಿ ಗೊಂಚಲು, ಎಲ್ಲವೂ ದೂರ.

ಅಳೆಯುವ ಕ್ರಮ: ಗೂಡು ಖಾಲಿ ಇಟ್ಟು ಗಾಳಿಯ ರೀಡಿಂಗ್, ನಂತರ ಸ್ಯಾಂಪಲ್, ಮತ್ತೆ ಗಾಳಿ. ಎರಡು ಗಾಳಿಗಳ ಸರಾಸರಿಯನ್ನು ಸ್ಯಾಂಪಲ್‌ನಿಂದ ಕಳೆಯುವುದು. ದುರ್ಬಲ ಸ್ಯಾಂಪಲ್‌ಗೆ ಹೆಚ್ಚು ಸೂಕ್ಷ್ಮವಾಗಿ ಓದುವ 0.1 ರೇಂಜ್, ಅದಕ್ಕೆ ಮಾಮೂಲಿಗಿಂತ ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಡ್ರಿಫ್ಟ್ ಕೂಡ ಬೆಳೆಯುತ್ತದೆ, ಹಾಗಾಗಿ ಗಾಳಿಯ ರೀಡಿಂಗ್ ಬಿಡುವ ಹಾಗೇ ಇಲ್ಲ. ಸೆನ್ಸರ್ ಸರಿಯಿದೆಯೇ ಎಂಬ ಅನುಮಾನ ಬಂದರೆ ಡಬ್ಬಿ ತುಂಬ ಶುದ್ಧ ನೀರು ಇಟ್ಟು ನೋಡಬಹುದು: ಖಾಲಿ ಡಬ್ಬಿಯದನ್ನು ಕಳೆದ ಮೇಲೆ ಸುಮಾರು −0.9 ಬರಬೇಕು.

ಸುಣ್ಣದಕಲ್ಲಿಗೂ ಋಣ ಬಂದರೆ ಗಾಬರಿ ಬೇಡ, ಅದರ ಖನಿಜ ಕ್ಯಾಲ್ಸೈಟ್ ಡಯಾಮ್ಯಾಗ್ನೆಟಿಕ್, ಅಂದರೆ ಕಾಂತಕ್ಷೇತ್ರವನ್ನು ತುಸು ವಿರೋಧಿಸುವಂಥದ್ದು. ಅದನ್ನು ಸೊನ್ನೆ ಎಂದು ತಿದ್ದಿ ಬರೆಯುವುದು ಮಾತ್ರ ತಪ್ಪು. ಮರಳುಗಲ್ಲಿನ ಕೆಂಪು ನೋಡಿ ದೊಡ್ಡ ಸಂಖ್ಯೆ ನಿರೀಕ್ಷಿಸುವವರಿದ್ದಾರೆ. ಆ ಬಣ್ಣ ಹೆಮಟೈಟ್ ಎಂಬ ಕಬ್ಬಿಣದ ಖನಿಜದ್ದು. ಅಷ್ಟೇ ತೂಕದ ಮ್ಯಾಗ್ನಟೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜ ಅದಕ್ಕಿಂತ ನೂರಾರು ಪಟ್ಟು ಹೆಚ್ಚು ತೋರಿಸುತ್ತದೆ. ಕಪ್ಪು ಬಸಾಲ್ಟ್ ರೀಡಿಂಗ್ ಸಾವಿರ ದಾಟಿಸುವುದು ಅದರೊಳಗಿನ ಟೈಟಾನೋಮ್ಯಾಗ್ನಟೈಟ್ (ಟೈಟಾನಿಯಂ ಬೆರೆತ ಮ್ಯಾಗ್ನಟೈಟ್) ದೆಸೆಯಿಂದ.

ಯಂತ್ರ ಎಸ್‌ಐ ಮಾನದಲ್ಲಿ ಕೊಡುವ ರೀಡಿಂಗನ್ನು ತೂಕವಾರು ಸಸೆಪ್ಟಿಬಿಲಿಟಿಗೆ ತರುವ ಲೆಕ್ಕ ಸುಲಭ: ರೀಡಿಂಗನ್ನು 10ರಿಂದ ಗುಣಿಸಿ, ಗ್ರಾಂ ತೂಕದಿಂದ ಭಾಗಿಸಿದರೆ, 10⁻⁸ ಘನಮೀಟರ್ ಪ್ರತಿ ಕಿಲೋಗ್ರಾಂ ಲೆಕ್ಕದಲ್ಲಿ ಉತ್ತರ. ರೀಡಿಂಗ್ 300, ಮಣ್ಣು 12 ಗ್ರಾಂ ಇದ್ದರೆ 250.

ಎರೆಮಣ್ಣಿಗೆ 0.465 ಮತ್ತು 4.65 ಕಿಲೋಹರ್ಟ್ಸ್ ಎರಡರಲ್ಲೂ ಅಳತೆ. ಮಣ್ಣಿನಲ್ಲಿ ಹುಟ್ಟಿದ ಅತಿಸೂಕ್ಷ್ಮ ಕಣಗಳಿದ್ದರೆ ಹೆಚ್ಚಿನ ಕಂಪನಾಂಕದಲ್ಲಿ ರೀಡಿಂಗ್ ಇಳಿಯುತ್ತದೆ. 300 ಇದ್ದದ್ದು 288 ಆದರೆ ಇಳಿಕೆ ಶೇ. 4, ಈ ಸಂಖ್ಯೆ ನಂಬಬಹುದು. ಆದರೆ ಮರಳುಗಲ್ಲಿನಂಥದರಲ್ಲಿ ರೀಡಿಂಗೇ 3 ಇದ್ದಾಗ, ಡ್ರಿಫ್ಟ್ 0.2 ಜಾರಿದರೆ ಸಾಕು, ಶೇ. 6.7 ಬಂದುಬಿಡುತ್ತದೆ. ಅಂಥ ಸ್ಯಾಂಪಲ್‌ಗಳಿಗೆ ಈ ಶೇಕಡಾ ಇಳಿಕೆಯ ಕಾಲಂ ಖಾಲಿ ಬಿಟ್ಟಿದೆ.