ಪ್ಯಾಚ್ ಯಾರ ಮನೆಯದು ಅಂತ ಮೊದಲು ಕೇಳಬೇಕಿತ್ತು

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗುರುವಾರ ರಜೆ. ಶೆಡ್ಡಿನಲ್ಲಿ ಲೇತ್‌ಗಳ ಸದ್ದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಸೋರ್ಸಿನಿಂದ ಕಂಪೈಲ್ ಮಾಡುವುದಿದ್ದರೆ ಆ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ಕರೆಂಟು ತೆಗೆಯುವುದೂ ಗುರುವಾರವೇ, ಅದು ಬೇರೆ ಮಾತು.

2023ರ ಕೊನೆಗೆ ಒಂದು ಕೆತ್ತುವ ರೌಟರ್ ಮಷೀನನ್ನು ಲಿನಕ್ಸ್‌ಸಿಎನ್‌ಸಿ (ಪಿಸಿಯಿಂದ ಮಷೀನು ನಡೆಸುವ ಸಾಫ್ಟ್‌ವೇರ್) ಮೇಲೆ ಓಡಿಸಬೇಕಿತ್ತು. ಪಿಸಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ಮೋಟರ್ ಬೋರ್ಡಿನ ಜೊತೆ ಮಾತಾಡಬೇಕು. ತಡವಾದರೆ ಮಷೀನು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಹೇಳಿದ ಹೊತ್ತಿಗೇ ಕೆಲಸ ಮುಗಿಸುವ ರಿಯಲ್‌ಟೈಮ್ (ಆರ್‌ಟಿ) ಕರ್ನಲ್ ಬೇಕು. ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಅದು ರೆಡಿಮೇಡ್ ಸಿಗುತ್ತದೆ. ಆದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರಿನಲ್ಲಿ ನಾಲ್ಕು ಸಾಲು ತಿದ್ದಬೇಕಿತ್ತು. ಅಂದರೆ ನಾನೇ ಕಟ್ಟಬೇಕು.

ಡೆಬಿಯನ್‌ನ ಲಿನಕ್ಸ್-ಸೋರ್ಸ್-6.1 ಪ್ಯಾಕೇಜ್ ಹಾಕಿಕೊಂಡೆ. ಮೂಲ ಕರ್ನಲ್ ಸಿಗುವ ಕರ್ನಲ್ ಡಾಟ್ ಆರ್ಗ್‌ನಿಂದ 6.1ರ ಒಂದು ಆರ್‌ಟಿ ಪ್ಯಾಚ್, ಅಂದರೆ ಸೋರ್ಸಿನಲ್ಲಿ ಮಾಡಬೇಕಾದ ಬದಲಾವಣೆಗಳ ಫೈಲು, ಇಳಿಸಿದೆ. 6.1 ಅಂದರೆ 6.1 ಅಲ್ವಾ? ಅಲ್ಲ. ನನ್ನ ಪಿಸಿಯಲ್ಲಿ ಯುನೇಮ್ ಕಮಾಂಡ್ ತೋರಿಸುತ್ತಿದ್ದುದು 6.1.0-13. ಒಳಗಿದ್ದದ್ದು 6.1.55, ಅದರ ಮೇಲೆ ಡೆಬಿಯನ್‌ನ ಸ್ವಂತ ತೇಪೆಗಳು. ಆರ್‌ಟಿ ಪ್ಯಾಚ್ ಯಾವ ಸಬ್‌ವರ್ಷನ್‌ಗೆ ಅನ್ನುವುದು ಅದರ ಫೈಲಿನ ಹೆಸರಿನಲ್ಲೇ ಇರುತ್ತದೆ. ನಾನು ಓದಿರಲಿಲ್ಲ.

ಡ್ರೈ ರನ್ (ಏನೂ ಬದಲಿಸದ ಪರೀಕ್ಷೆ) ಕೂಡ ಮಾಡದೆ ಪ್ಯಾಚ್ ಹೊಡೆದೆ. ಕೆಲವು ಹಂಕ್, ಅಂದರೆ ಪ್ಯಾಚಿನ ತುಂಡುಗಳು, ಫೇಲ್. ಒಂದು ಕಡೆ, ಈ ಪ್ಯಾಚ್ ಮೊದಲೇ ಹಾಕಿದ ಹಾಗಿದೆ, ತಿರುಗಿಸಲಾ ಎಂದು ಕೇಳಿತು. ಅವಸರದಲ್ಲಿ ವೈ ಒತ್ತಿದೆ. ಅಲ್ಲಿ ಆಗಲೇ ಇದ್ದ ಒಳ್ಳೆಯ ತಿದ್ದುಪಡಿಯನ್ನು ಕೈಯಾರೆ ಕಿತ್ತು ಹಾಕಿದ್ದೆ! ರಿಜೆಕ್ಟ್ ಆದದ್ದನ್ನು ಕೈಯಿಂದ ತುಂಬಿಸಿ ಕಂಪೈಲ್‌ಗೆ ಬಿಟ್ಟೆ. ಒಂದು ತಾಸು ಓಡಿ ಎರರ್ ಕೊಟ್ಟು ನಿಂತಿತು.

ಜೊತೆಗಿದ್ದ ಗದಗದ ಹುಡುಗ ಸೋರ್ಸ್ ಇರುವ ಯುಎಸ್‌ಆರ್ ಎಸ್‌ಆರ್‌ಸಿ ಫೋಲ್ಡರ್ ತೆರೆದು, "ಸರ, ಅಲ್ಲೇ ಬಾಜೂಕ ಐತಲ್ರಿ" ಅಂದ. ಹೌದು. ಸೋರ್ಸ್ ಟಾರ್‌ಬಾಲಿನ (ಒಟ್ಟಿಗೆ ಕಟ್ಟಿದ ಫೈಲುಗಳ ಗಂಟಿನ) ಪಕ್ಕದಲ್ಲೇ ಡೆಬಿಯನ್ ತನ್ನ ಸೋರ್ಸಿಗೆ ಹೊಂದಿಸಿದ ಆರ್‌ಟಿ ಪ್ಯಾಚ್ ಇಟ್ಟಿರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಹೊಸದಾಗಿ ಬಿಚ್ಚಿದ ಸೋರ್ಸಿಗೆ ಅದು ಒಂದೂ ತಕರಾರಿಲ್ಲದೆ ಕೂತಿತು.

ಕೆಲವರು ಯಾವಾಗಲೂ ಡೆಬಿಯನ್ ತೇಪೆಗಳಿಲ್ಲದ ಪ್ಲೇನ್ ಕರ್ನಲ್ಲೇ ಸರಿ ಅಂತಾರೆ. ನಾನು ಒಪ್ಪಲ್ಲ. ಗಿರಾಕಿಯ ಮಷೀನಿಗೆ ಡೆಬಿಯನ್ ಸೋರ್ಸೇ ಇರಲಿ. ಅದರ ಭದ್ರತೆಯ ತಿದ್ದುಪಡಿಗಳನ್ನು ಬೇರೆ ಯಾರೋ ಕೂತು ಆರಿಸಿರುತ್ತಾರೆ. ಹೊಸ ಸೋರ್ಸ್ ಬಂದಾಗ ಮತ್ತೆ ಕಟ್ಟಿದರಾಯಿತು. ಆದರೆ ಡ್ರೈವರ್ ತಿದ್ದುಪಡಿಯನ್ನು ಮೂಲ ಕರ್ನಲ್ಲಿನಲ್ಲಿ ಆ ಡ್ರೈವರ್ ನೋಡಿಕೊಳ್ಳುವ ಮೇಂಟೇನರ್‌ಗೆ ಕಳಿಸುವಾಗ ಡೆಬಿಯನ್ ಸೋರ್ಸ್ ನಡೆಯಲ್ಲ. ಅವರಿಗೆ ಬೇಕಾದದ್ದು ಅವರದೇ ಸೋರ್ಸಿನ ಮೇಲೆ ಮಾಡಿದ ಪ್ಯಾಚ್. ಅದಕ್ಕೆ ಪ್ಲೇನ್ ಸೋರ್ಸಿನದೇ ಇನ್ನೊಂದು ಫೋಲ್ಡರ್ ಇಟ್ಟಿದ್ದೇನೆ.

2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಆರ್‌ಟಿ ಮೂಲ ಕರ್ನಲ್ಲಿನಲ್ಲೇ ಇದೆ. ಡೆಬಿಯನ್ 13ರಲ್ಲಿ ಇರುವುದೂ 6.12. ಹೊರಗಿನ ಆರ್‌ಟಿ ಪ್ಯಾಚಿನ ಗೋಜಿಲ್ಲ. ನನ್ನ ನಾಲ್ಕು ಸಾಲು ಮಾತ್ರ ಉಳಿದಿವೆ. ಗುರುವಾರ ಕರೆಂಟಿದ್ದರೆ ಕಟ್ಟಬೇಕು.